ಸೊನ್ನೆ ಬಿಟ್ಟ ಸಾಲು

ಫಾಲ್ಮತ್, ವರ್ಜೀನಿಯಾ
ಫೆಬ್ರವರಿ, ೧೮೬೩

ಹೆಡ್ವಿಗ್,
ನೀನು ಹೆಣೆದ ಉಣ್ಣೆಯ ಕಾಲುಚೀಲ ಬಂತು. ಒಂದೇ ಬಂತು.
ಇನ್ನೊಂದು ಯಾವ ಹಡಗಿನ ಯಾವ ಮೂಲೆಯಲ್ಲಿ
ಯಾರ ಕಾಲು ಬೆಚ್ಚಗಿಡುತ್ತಿದೆಯೋ.
ಒಂಟಿ ಕಾಲುಚೀಲಕ್ಕೆ ಇಲ್ಲಿ ಗಿರಾಕಿಗಳ ಬರವಿಲ್ಲ.
ಆಸ್ಪತ್ರೆ ಡೇರೆಯಲ್ಲಿ ಒಬ್ಬನಿಗೆ ಕೊಟ್ಟೆ.
ಇನ್ನೊಂದೆಲ್ಲಿ ಎಂದು ಅವನು ಕೇಳಲಿಲ್ಲ.

ಹೊಳೆಯಾಚೆ ಊರು, ಊರಿನ ಚರ್ಚಿನ ಮೊನೆ,
ಮೊನೆಗೆ ನಮ್ಮದೇ ಗುಂಡು ಕಚ್ಚಿದ ಗಾಯ.
ಎರಡೂ ದಡದ ಕಾವಲಿನವರು ಬೆಳಿಗ್ಗೆ ಬೈದಾಡುತ್ತಾರೆ,
ಮಧ್ಯಾಹ್ನ ಹಲಗೆಯ ಪುಟ್ಟ ದೋಣಿಗೆ ಅಂಗಿಚೂರಿನ ಹಾಯಿ ಕಟ್ಟಿ
ಇತ್ತಣಿಂದ ಕಾಫಿ, ಅತ್ತಣಿಂದ ಹೊಗೆಸೊಪ್ಪು.
ಕಂಡೂ ಕಾಣದಂತಿರುವುದು ಅಧಿಕಾರಿಯ ಕೆಲಸ.
ಅದನ್ನು ಚೆನ್ನಾಗಿ ಕಲಿತಿದ್ದೇನೆ.

ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲಿ ಕರ್ನಲ್ಲರು ಕೇಳಿದ್ದು ಫಿರಂಗಿಯ ಲೆಕ್ಕ:
ಮದ್ದು ಎಷ್ಟು ತೂಕ, ಗುಂಡು ಎಷ್ಟು ದೂರ.
ಬರೆದು ಕಳಿಸಿದ್ದೇನೆ, ದುಂಡಗಿನ ಅಕ್ಷರದಲ್ಲಿ.
ಅಪ್ಪನಿಗೆ ಹೇಳಿದ್ದು ಬೇರೆ:
ಮನುಷ್ಯರನ್ನು ಮಾರುವ ಸಂತೆ ಮುರಿಯಲಿ ಎಂದು ಹೊರಟೆ, ಎಂದು.
ಎರಡೂ ನಿಜ. ಮೂರನೆಯದು ನಿನಗೊಬ್ಬಳಿಗೇ ಗೊತ್ತು:
ಯುದ್ಧವಿಲ್ಲದ ಸೇನೆಯಲ್ಲಿ ಬಡ್ತಿಯೆಂದರೆ
ಹಿರಿಯರ ಕೆಮ್ಮಿಗೆ ಕಿವಿಗೊಟ್ಟು ಕಾಯುವುದು.

ನನ್ನ ಇಂಗ್ಲಿಷ್ ಏನೆಂದರೆ:
ತುಂಬು. ಗುರಿ ಹಿಡಿ. ಹಾರಿಸು. ಹಿಂದೆ ಸರಿ.
ಕುದುರೆ. ಲಾಳ. ಬೀನ್ಸು.
ಇಷ್ಟನ್ನೇ ಬಂಡವಾಳ ಮಾಡಿಕೊಂಡು
ಡಿಸೆಂಬರ್ ಕಳೆದ ಮೇಲೆ ಹನ್ನೊಂದು ತಾಯಂದಿರಿಗೆ ಕಾಗದ ಬರೆಯಬೇಕಾಯಿತು.
ದುಃಖದ ಮಾತನ್ನು ಸಾರ್ಜೆಂಟ್ ಪೀಸ್ಲಿಯಿಂದ ಕಡ ತಂದೆ.
ವರ್ಮಾಂಟಿನವನು, ಮೇಪಲ್ ಮರಕ್ಕೆ ತೂತು ಕೊರೆದು ಸಿಹಿ ಇಳಿಸುವವನು,
ಅವನ ಮಾತೂ ಹಾಗೇ, ತೊಟ್ಟು ತೊಟ್ಟು.
ಅವನು ಹೇಳಿದ, ನಾನು ಬರೆದೆ:
ನಿಮ್ಮ ಮಗ ಹೆಚ್ಚು ನೋವು ತಿನ್ನಲಿಲ್ಲ.
ಹನ್ನೊಂದು ಸಲ.

ಓಬೆಡ್ ಎಂಬ ಹುಡುಗ, ಗಾಡಿಯ ಗಾಲಿಯಡಿ, ಬೆಳಕು ಹರಿಯುವ ತನಕ
ಮನೆಯ ನಾಯಿಯ ಹೆಸರು ಹಿಡಿದು ಕರೆಯುತ್ತಿದ್ದ.
ಅವನ ತಾಯಿಗೂ ಅದೇ ಸಾಲು.
ಕೈ ನಡುಗಲಿಲ್ಲ, ಹೆಡ್ವಿಗ್.
ಪರರ ಭಾಷೆಯಲ್ಲಿ ಸುಳ್ಳು ನಾಲಿಗೆ ಸುಡುವುದಿಲ್ಲ.

*

ಮಾರ್ಚ್

ಹೋದ ವಾರ ಒಂದು ರಾತ್ರಿ ಥಟ್ಟನೆ ಹೊಳೆಯಿತು,
ನನ್ನ ಕಾಗದ ಯಾರು ಬರೆಯುತ್ತಾರೆ?
ಈ ತುಕಡಿಯಲ್ಲಿ ನಮ್ಮ ಭಾಷೆ ಬಲ್ಲ ನರಪಿಳ್ಳೆ ಇಲ್ಲ.
ಪೀಸ್ಲಿಯನ್ನು ಕರೆದು ಕೂರಿಸಿಕೊಂಡೆ.
ಮದ್ದಿನ ಪೆಟ್ಟಿಗೆಯ ಮುಚ್ಚಳ, ಒಂದು ತುಂಡು ಇದ್ದಿಲು.
ಸ್ವೀಡಿಶ್‌ನಲ್ಲಿ ಒಂದೇ ಒಂದು ಸಾಲು.
ಅರ್ಥ ನಾನು ಹೇಳಲಿಲ್ಲ, ಅವನು ಕೇಳಲೂ ಇಲ್ಲ,
ಹನ್ನೊಂದು ಸಲ ಹೇಳಿಕೊಟ್ಟವನಲ್ಲವೆ.

ಕೆಸರಲ್ಲಿ ಹೂತ ಗಾಲಿ ಎತ್ತುವ ಕೈ.
ಅಕ್ಷರ ತಿದ್ದುವಾಗ ತುಟಿಯಂಚಿಗೆ ನಾಲಿಗೆ ತರುತ್ತಾನೆ,
ಐದು ವರ್ಷದಲ್ಲಿ ನೀನು ತರುತ್ತಿದ್ದಂತೆ.
ಚುಕ್ಕೆಗಳನ್ನೆಲ್ಲ ಸರಿಯಾಗಿ ಇಡುತ್ತಾನೆ.
ನೋವು ಎಂಬ ನಮ್ಮ ಪದದ ನಡುವೆ
ಅಕ್ಷರವೊಂದರ ತಲೆ ಮೇಲಿರುವ ಆ ಪುಟ್ಟ ಸೊನ್ನೆ,
ಅದೊಂದನ್ನು ಮಾತ್ರ ದಿನವೂ ಬಿಡುತ್ತಾನೆ.
'ನೊಣ ಕೂತ ಗುರುತು ಅಂದುಕೊಂಡಿದ್ದೆ, ಸರ್.'

ಈ ಹಾಳೆಯ ಅಡಿಯಲ್ಲಿರುವುದು ಅವನ ಕೈಬರಹ.
ಬೆಚ್ಚಬೇಡ. ಅಭ್ಯಾಸ, ಅಷ್ಟೆ.
ತಿದ್ದೋಣವೆಂದು ಇದ್ದಿಲು ಎತ್ತಿಕೊಂಡವನು
ಯಾಕೋ ಕೆಳಗಿಟ್ಟೆ. ಆಮೇಲೂ ತಿದ್ದಿಲ್ಲ.
ಆ ಸೊನ್ನೆ ಕಲಿಸಿಬಿಟ್ಟರೆ ಪಾಠ ಮುಗಿದ ಹಾಗೆ ಅನಿಸುತ್ತದೆ.

ಎಂದಾದರೂ ಆ ಸಾಲು ಒಂಟಿಯಾಗಿ ಬಂದರೆ,
ಮೇಲೆ ನನ್ನ ಹರಟೆಯಿಲ್ಲದೆ, ಕೆಳಗೆ ನನ್ನ ರುಜುವಿಲ್ಲದೆ,
ಸೊನ್ನೆಯನ್ನು ನೀನೇ ಇಟ್ಟುಕೋ.
ಅಮ್ಮನಿಗೆ ಓದಿ ಹೇಳು, ಅವಳು ನಂಬಲಿ.
ಆ ಸಾಲಿನ ಬೆಲೆ ನಿನಗೆ ಗೊತ್ತು.

ಹಿಮ ಕರಗಿ ರಸ್ತೆ ಗಟ್ಟಿಯಾಗುತ್ತಿದೆ.
ನಿನ್ನೆ ಕುದುರೆಗಳಿಗೆಲ್ಲ ಹೊಸ ಲಾಳ ಹೊಡೆಸಿದೆವು.
ಇನ್ನೊಂದು ಕಾಲುಚೀಲ ಬಂದರೆ ತಿಳಿಸುತ್ತೇನೆ.

ನಿನ್ನ ಅಣ್ಣ,
ಎವರ್ಟ್